ಸೊಕ್ಕೆಯ ಈರುಳ್ಳಿ ಬೇರು ಸಿಟ್ಟಾದ ಮಳೆಗಾಲ

ಚನ್ನಗಿರಿ ಬಸ್ ನಿಲ್ದಾಣದ ಹತ್ತಿರ ಗೋಬಿ ಮಂಚೂರಿ ಮಾಡುವ ಗಾಡಿಯವನು ಮೊನ್ನೆ ಸಂಜೆ ಕಾದ ಬಾಣಲೆಗೆ ವಿನೆಗರ್ ಸುರಿದ. ಚುಂಯ್ ಎಂದು ಎದ್ದ ಹುಳಿ ಹಬೆ ನೇರ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ನಮ್ಮ ಮನೆಯವರು ಕೆಮ್ಮುತ್ತಾ ಹಿಂದೆ ಸರಿದರು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಇನ್ನೊಮ್ಮೆ ಉಸಿರೆಳೆದುಕೊಂಡೆ. ‘ಆಹಾ, ಬೇರು ಬೇಯೋ ವಾಸನೆ!’ ಎಂದುಬಿಟ್ಟೆ. ಗಾಡಿಯವನು ಸೌಟು ಹಿಡಿದು ಹಾಗೇ ನಿಂತ. ‘ಬೇರಲ್ಲ ಅಕ್ಕಾ, ಹೂಕೋಸು,’ ಎಂದ.

ಅವನಿಗೆ ಏನಂತ ಹೇಳುವುದು? ಮೂರು ವರ್ಷದ ಹಿಂದೆ ಒಂದಿಡೀ ಮಳೆಗಾಲ ನಾನು ಹೊನ್ನಾಳಿಯ ಒಂದು ಅಡುಗೆಮನೆಯಲ್ಲಿ ನಿಂತು, ಬರೆಯುವ ನೀಲಿ ಇಂಕಿಗೆ ವಿನೆಗರ್ ಬೆರೆಸಿ ಅದರಲ್ಲಿ ಈರುಳ್ಳಿ ಬೇರು ಬೇಯಿಸುತ್ತಿದ್ದೆ. ಅದು ನನಗೆ ಸಂಬಳ ಕೊಡುವ ಕೆಲಸವಾಗಿತ್ತು. ಅಷ್ಟು ಖುಷಿಯಿಂದ ಬಸ್ಸು ಹತ್ತಿ ಕೆಲಸಕ್ಕೆ ಹೋದ ದಿನಗಳು ನನ್ನ ಬದುಕಿನಲ್ಲಿ ಬೇರೆ ಇಲ್ಲ. ಅಷ್ಟು ದೊಡ್ಡ ತಪ್ಪು ಮಾಡಿದ್ದೂ ಆ ದಿನಗಳಲ್ಲೇ.

ನಾನು ಹುಟ್ಟಿದ್ದು ನಲ್ಲೂರಿನಲ್ಲಿ, ಮದುವೆಯಾಗಿ ಬಂದದ್ದು ಚನ್ನಗಿರಿಗೆ. ಇಲ್ಲಿನ ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೆ. ಒಂದು ದಿನ ಜ್ವರದಿಂದ ಕೆಂಪಾದ ಮುಖದ ಹೆಂಗಸೊಬ್ಬರು ಪ್ಲೇಟ್‌ಲೆಟ್ ನೋಡಿಸಲು ಬಂದರು. ಅವತ್ತು ಯಂತ್ರ ಕೆಟ್ಟಿತ್ತು. ನಾನು ಹಳೆಯ ಕಾಲದವರ ಹಾಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕಣ ಎಣಿಸುತ್ತಾ ಕೂತಿದ್ದೆ. ವರದಿ ಸಂಜೆ ಸಿಗುತ್ತೆ, ಹೋಗಿ ಮಲಗಿ ಎಂದರೂ ಅವರು ಬೆಂಚಿನಿಂದ ಏಳಲಿಲ್ಲ. ನನ್ನನ್ನೇ ನೋಡುತ್ತಿದ್ದರು.

‘ಎಷ್ಟು ಹೊತ್ತು ಹೀಗೆ ಕಣ್ಣು ಕೀಳದೆ ಕೂರಬಲ್ಲಿರಿ?’

‘ಹಸಿವಾಗೋ ತನಕ,’ ಎಂದೆ.

ಅವರೇ ಶೈಲಜಾ ಮೇಡಂ, ಬೇರುಗಳ ಮೇಲೆ ಸಂಶೋಧನೆ ಮಾಡುವವರು. ಜ್ವರ ಬಿಟ್ಟ ಮೇಲೆ ಫೋನ್ ಮಾಡಿದರು. ಹೊನ್ನಾಳಿಯಲ್ಲಿ ಹತ್ತು ತಿಂಗಳ ಕೆಲಸ ಇದೆ, ನೋಡಬೇಕಾದ್ದು ರಕ್ತವಲ್ಲ, ಬೇರು, ಬರುತ್ತೀರಾ ಎಂದರು. ಅಷ್ಟರಲ್ಲಿ ನಮ್ಮ ಲ್ಯಾಬಿನ ಮಾಲೀಕರು ಅಂಗಡಿ ಮುಚ್ಚುವ ಮಾತಾಡುತ್ತಿದ್ದರು. ನಾನು ಹೂಂ ಎಂದೆ.

ಹೊನ್ನಾಳಿಯ ಪ್ರಯೋಗಶಾಲೆ ಎಂದರೆ ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕ, ಹಿಂದಿನ ಅಡುಗೆಮನೆಯಲ್ಲಿ ಒಂದು ಗ್ಯಾಸ್ ಒಲೆ. ನಾವು ಹುಡುಕುತ್ತಿದ್ದದ್ದು ಮಣ್ಣಿನಲ್ಲಿರುವ ಒಂದು ಜಾತಿಯ ಶಿಲೀಂಧ್ರವನ್ನು, ಹಳ್ಳಿಯವರು ಬೂಷ್ಟು ಅನ್ನುತ್ತಾರಲ್ಲ ಅದರ ದೂರದ ನೆಂಟನನ್ನು. ಅದು ಗಿಡದ ಬೇರಿನ ಒಳಗೇ ಹೋಗಿ ಮನೆ ಮಾಡುತ್ತದೆ. ತನ್ನ ನೂಲಿನಂಥ ಎಳೆಗಳನ್ನು ಹೊರಗೆ ಚಾಚಿ, ಬೇರಿಗೆ ಎಟುಕದ ಕಡೆಯಿಂದ ರಂಜಕ, ನೀರು ತಂದು ಕೊಡುತ್ತದೆ. ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ. ನ್ಯಾಮತಿಯಲ್ಲಿ ಹಸಿರು ಬಲೆಯ ಚಪ್ಪರದ ಕೆಳಗೆ ಕುಂಡಗಳಲ್ಲಿ ಮೆಕ್ಕೆಜೋಳ ಬೆಳೆಸಿ, ಅದರ ಬೇರಿನಲ್ಲಿ ಈ ಶಿಲೀಂಧ್ರವನ್ನು ಸಾಕುತ್ತಿದ್ದೆವು. ಜೋಳ ಬಲಿತ ಮೇಲೆ ಬೇರನ್ನು ಮಣ್ಣಿನ ಸಮೇತ ಕೊಚ್ಚಿ ಚೀಲಕ್ಕೆ ತುಂಬುವುದು. ಅದಕ್ಕೆ ನಾನೇ ಬೇರುಮಣ್ಣು ಎಂದು ಹೆಸರಿಟ್ಟೆ. ಮೇಡಂ ಕೂಡ ಹಾಗೇ ಕರೆಯತೊಡಗಿದಾಗ ನನಗೆ ಎಷ್ಟು ಹೆಮ್ಮೆ! ಮನೆಗೆ ಬಂದರೆ ನಮ್ಮ ಮನೆಯವರು, ‘ಇವತ್ತು ಬೇರಿಗೆ ಎಷ್ಟು ಪ್ಲೇಟ್‌ಲೆಟ್ ಬಂತು?’ ಎಂದು ಕೇಳುತ್ತಿದ್ದರು.

ಆರಿದ್ರಾ ಮಳೆಯ ಹದ ನೋಡಿ ಎಂಟು ಚೀಲ ಬೇರುಮಣ್ಣನ್ನು ಜಗಳೂರು ತಾಲ್ಲೂಕಿನ ಸೊಕ್ಕೆಗೆ ಒಯ್ದೆವು. ಅಲ್ಲಿ ಓಬಮ್ಮ ಎಂಬವರು ತಮ್ಮ ಈರುಳ್ಳಿ ಹೊಲದ ಒಂದು ತುಂಡನ್ನು ನಮ್ಮ ಪ್ರಯೋಗಕ್ಕೆ ಕೊಟ್ಟಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಮಲ್ಲಣ್ಣ ಗೂಡ್ಸ್ ಟೆಂಪೊ ಓಡಿಸುತ್ತಾರೆ, ಹೊಲದ ತೀರ್ಮಾನವೆಲ್ಲ ಇವರದೇ. ನನ್ನನ್ನು ಮೊದಲ ದಿನವೇ ತಂಗೀ ಎಂದರು, ನಾನು ಓಬಕ್ಕ ಎಂದೆ. ಹದಿನಾರು ಸಾಲು ಗುರುತು ಮಾಡಿದೆವು. ಎಂಟು ಸಾಲಿನಲ್ಲಿ ಬೀಜದ ಕೆಳಗೆ ಬೇರುಮಣ್ಣು, ಎಂಟರಲ್ಲಿ ಬರೀ ಮಣ್ಣು.

ಓಬಕ್ಕ ಒಂದು ಹಿಡಿ ಎತ್ತಿ ಮೂಸಿ ನೋಡಿದರು. ‘ಇದರಾಗೆ ಬೂಷ್ಟು ಐತೆ ಅಂತೀರಿ, ಅದನ್ನ ನಾನೇ ನನ್ನ ಕೈಯಾರೆ ಹೊಲಕ್ಕೆ ಹಾಕ್ಬೇಕು ಅಂತೀರಿ. ಇಲ್ಲಿ ಬೂಷ್ಟು ಸಾಯ್ಸಾಕೆ ಔಷಧಿ ತರ್ತೀವಿ ರೀ ಮೇಡಂ!’

‘ಒಂದು ಬೆಳೆ ನೋಡಿ,’ ಎಂದರು ಮೇಡಂ.

‘ಆತು. ನೋಡಾಕೆ ಏನು, ನೋಡೇ ಬಿಡಾನ.’

ಮೊಳಕೆ ಬಂದು ಮೂರು ವಾರಕ್ಕೆ ನಾನೊಬ್ಬಳೇ ಹೋಗಿ ಎರಡೂ ಬಗೆಯ ಸಾಲಿನಿಂದ ಬೇರು ಕಿತ್ತು ತಂದೆ. ಮೇಡಂ ಒಂದು ವಾರದ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದರು. ಕೆಲಸ ಹೇಳಿಕೊಟ್ಟಿದ್ದರು. ಅರ್ಧ ಬೇರಿಗೆ ಇಂಕು, ಅದು ಶಿಲೀಂಧ್ರವನ್ನು ನೀಲಿ ಮಾಡುತ್ತದೆ. ಇನ್ನರ್ಧವನ್ನು ಜೀವ ಇರುವಾಗಲೇ ಇನ್ನೊಂದು ದ್ರಾವಣದಲ್ಲಿ ನೆನೆಸಬೇಕು. ಬೇರು ಎಲ್ಲೆಲ್ಲಿ ಪೆರಾಕ್ಸೈಡ್ ಉಕ್ಕಿಸಿದೆಯೋ ಅಲ್ಲಲ್ಲಿ ಕೆಂಗಂದು ಬಣ್ಣ ಬರುತ್ತದೆ. ಪೆರಾಕ್ಸೈಡ್ ಗೊತ್ತಲ್ಲ, ಗಾಯದ ಮೇಲೆ ಹಾಕಿದರೆ ನೊರೆನೊರೆಯಾಗಿ ಉಕ್ಕುವುದು. ಬೇರು ತನ್ನ ರಕ್ಷಣೆಗೆ ತಾನೇ ಅದನ್ನು ತಯಾರಿಸಿಕೊಳ್ಳುತ್ತದೆ ಎಂದು ಮೇಡಂ ಹೇಳಿದ್ದು ನೆನಪಿತ್ತು.

ಬರೀ ಮಣ್ಣಿನ ಸಾಲಿನ ಬೇರು ತೆಳ್ಳಗೆ, ಬೆಳ್ಳಗೆ, ಗಾಜಿನ ಹಾಗಿತ್ತು. ಬೇರುಮಣ್ಣಿನ ಸಾಲಿನದನ್ನು ಇಟ್ಟು ಕಣ್ಣು ಹಚ್ಚಿದೆ. ಬೇರಿನ ಅಂಚಿನಲ್ಲಿ ಅಲ್ಲಲ್ಲಿ ಕಂದು ಚುಕ್ಕೆ, ಕಂದು ಪಟ್ಟಿ. ಇಂಕು ಹಚ್ಚಿದ ಬೇರಿನಲ್ಲಿ ನೀಲಿ ಎಳೆಯೊಂದು ಹೊರಗಿನಿಂದ ಬಂದು, ಗೋಡೆಗೆ ಒತ್ತಿಕೊಂಡು, ಒಳಗೆ ನುಗ್ಗುತ್ತಿತ್ತು. ಹನ್ನೊಂದು ವರ್ಷ ನಾನು ಕಲಿತದ್ದು ಒಂದೇ ಪಾಠ. ಬಿಳಿ ರಕ್ತಕಣ ಏರಿದೆಯೇ, ಮೈ ಯಾರ ವಿರುದ್ಧವೋ ಹೋರಾಡುತ್ತಿದೆ; ಅಂದರೆ ಸೋಂಕು. ಇಲ್ಲಿಯೂ ಬೇರು ಹೋರಾಡುತ್ತಿದೆ. ನಮ್ಮ ಶಿಲೀಂಧ್ರವಾಗಿದ್ದರೆ ಬೇರು ಯಾಕೆ ಹೋರಾಡುತ್ತಿತ್ತು, ಇದು ಬೇರೆ ಯಾವುದೋ ಎಂದುಕೊಂಡೆ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಸೋಂಕು ಎಂದು ಬರೆದು ಕೆಳಗೆ ಗೆರೆ ಎಳೆದೆ. ಯಾರಿಗೂ ಕಾಣದ್ದನ್ನು ಕಂಡುಹಿಡಿದೆ ಎಂಬ ಹುರುಪಿನಲ್ಲಿ ಇನ್ನೊಂದು ಗೆರೆಯನ್ನೂ ಎಳೆದೆ.

ಅದೇ ಮಧ್ಯಾಹ್ನ ಓಬಕ್ಕನ ಫೋನು ಬಂತು.

‘ತಂಗೀ, ನಿಮ್ಮ ಮಣ್ಣು ಹಾಕಿದ ಸಾಲು ಯಾಕೋ ಕುಗ್ಗೈತೆ. ಬಾಜೂದು ಗೇಣು ಬಂದಾವೆ, ಇವು ಬೆರಳುದ್ದಾನೂ ಇಲ್ಲ. ಬೇರು ತಗಂಡು ಹೋದ್ಯಲ್ಲ, ಏನು ಕಾಣ್ತು?’

ಮೇಡಂ ಬರಲಿ ಎನ್ನಬೇಕಿತ್ತು. ನಾನು ಎಂದದ್ದು ಬೇರೆ. ‘ಬೇರೊಳಗೆ ಏನೋ ಹೊಕ್ಕೈತೆ ಅಕ್ಕಾ. ಸೋಂಕು ಆದಂಗೆ ಕಾಣ್ತೈತೆ.’

‘ಔಷಧಿ ಹುಯ್ಲೇನು?’

‘ಹುಯ್ದರೆ ಒಳ್ಳೇದೇ ಅನ್ಸುತ್ತೆ.’

ಮೇಡಂ ಸೋಮವಾರ ಬಂದರು. ಬ್ಯಾಗು ಇಳಿಸುವ ಮೊದಲೇ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಅವರು ನೋಡಿದರು. ಗಾಜಿನ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದವರೇ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿಬಿಟ್ಟರು.

‘ಸುಜಾತಾ! ಎಷ್ಟು ಸ್ವಚ್ಛವಾಗಿ ಹಿಡಿದಿದ್ದೀರಿ! ಸರಿಯಾಗಿ ಒಳಗೆ ಬರೋ ಗಳಿಗೆ ಇದು!’

‘ಸೋಂಕು ಅಲ್ವಾ ಮೇಡಂ?’

‘ಸೋಂಕಲ್ಲ ರೀ, ಬೇರಿನ ಸಿಟ್ಟು. ನಮ್ಮ ಶಿಲೀಂಧ್ರವೇ ಒಳಗೆ ಬರ್ತಿರೋದು. ಸೂಳೆಕೆರೆ ಏಡಿ ನೋಡಿದ್ದೀರಾ?’

‘ನಾವು ತಿನ್ನಲ್ಲ ಮೇಡಂ. ನೋಡಿದೀನಿ.’

‘ಆ ಏಡಿ ಚಿಪ್ಪಿನಲ್ಲಿರೋ ಕೈಟಿನ್ ಅನ್ನೋ ವಸ್ತುವೇ ಶಿಲೀಂಧ್ರದ ಮೈಗೋಡೆಯಲ್ಲೂ ಇದೆ. ಅದರ ಚೂರು ತಾಕಿದ ಕೂಡಲೇ ಬೇರಿಗೆ ಗೊತ್ತಾಗುತ್ತೆ, ಯಾರೋ ಹೊರಗಿನವರು ಬಂದರು ಅಂತ. ನೆಂಟರೋ ಕಳ್ಳರೋ ಆ ಕ್ಷಣಕ್ಕೆ ಗೊತ್ತಿಲ್ಲ. ಅದಕ್ಕೇ ಮೊದಲು ಸಿಟ್ಟಾಗುತ್ತೆ. ಈ ಶಿಲೀಂಧ್ರ ತನ್ನ ಗುರುತು ಹೇಳೋ ಬೇರೆ ರಾಸಾಯನಿಕಗಳನ್ನೂ ಕಳಿಸುತ್ತೆ. ಅದು ಬೇರಿಗೆ ಮುಟ್ಟಿದ ಮೇಲೆ ಸಿಟ್ಟು ಇಳಿಯುತ್ತೆ, ಒಳಗೆ ಜಾಗ ಕೊಡುತ್ತೆ. ಅಲ್ಲಿಯವರೆಗೆ ಗಿಡ ಸ್ವಲ್ಪ ಸೊರಗಬಹುದು. ಶಕ್ತಿಯೆಲ್ಲ ಇದಕ್ಕೇ ಖರ್ಚಾಗುತ್ತಲ್ಲ.’

‘ಮೇಡಂ, ನಾನು ಓಬಕ್ಕನಿಗೆ ಔಷಧಿ ಹುಯ್ಯಿ ಅಂದುಬಿಟ್ಟೆ,’ ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಳಿಸಿದ್ದ ಬ್ಯಾಗನ್ನು ಹಾಗೇ ಹೆಗಲಿಗೇರಿಸಿ, ‘ನಡೀರಿ,’ ಎಂದರು. ಹರಿಹರದಲ್ಲೊಂದು ಬಸ್ಸು, ದಾವಣಗೆರೆಯಲ್ಲಿ ಇನ್ನೊಂದು, ಜಗಳೂರಿನಿಂದ ಮಲ್ಲಣ್ಣನ ಟೆಂಪೊ.

ಓಬಕ್ಕ ಹೊಲದ ಬದುವಿನಲ್ಲೇ ಇದ್ದರು. ನಾಲ್ಕು ಸಾಲಿಗೆ ಔಷಧಿ ಹುಯ್ದಾಗಿತ್ತು. ಡ್ರಮ್ಮಿನದು ಅಷ್ಟಕ್ಕೇ ಖಾಲಿಯಾಗಿ, ಉಳಿದ ನಾಲ್ಕಕ್ಕೆ ಮರುದಿನ ಹುಯ್ಯುವವರಿದ್ದರು. ಮೇಡಂ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ‘ತಪ್ಪು ನಂದು ಅಕ್ಕಾ. ರೋಗ ಅಲ್ಲ ಅದು. ಗೊತ್ತಿಲ್ದೆ ಹೇಳ್ದೆ.’

ಓಬಕ್ಕ ಸೊಂಟದ ಮೇಲೆ ಕೈಯಿಟ್ಟರು. ‘ಗೊತ್ತಿಲ್ದೆ ಯಾಕ ಹೇಳ್ದೆ? ಗೊತ್ತಿಲ್ಲ ಅನ್ನಾಕೆ ಬಾಯಿ ಬರಲ್ಲೇನು? ಅವತ್ತು ಹಾಕ್ರಿ ಅಂದ್ರಿ, ಹಾಕ್ದೆ. ಮೊನ್ನೆ ಕೊಲ್ಲು ಅಂದೆ, ಕೊಂದೆ. ಈಗ ಅದು ನೆಂಟ ಅಂತೀಯ. ನಾನೇನು ಆಟ ಆಡಾಕೆ ಈರುಳ್ಳಿ ಹಾಕೀನಾ? ಸೊರಗಿದ್ದನ್ನೆಲ್ಲ ಕಿತ್ತು ನಾಳೆ ಸಜ್ಜೆ ಬಿತ್ತತೀನಿ!’

ನಾನು ಅಳುವ ಸ್ಥಿತಿಯಲ್ಲಿದ್ದೆ. ಮೇಡಂ ನಿಧಾನವಾಗಿ ಕೇಳಿದರು, ‘ಹದಿನೈದು ದಿನ ಕೊಡ್ತೀರಾ?’

‘ಹದಿನೈದು ದಿನಕ್ಕೆ ಏನಾಕ್ಕೈತೆ?’

‘ಈ ಸುಜಾತನೇ ಬಂದು ನಿಮಗೆ ತೋರಿಸ್ತಾರೆ. ನಿಮ್ಮ ಕಣ್ಣಿಗೇ ಕಾಣಬೇಕು. ಕಾಣದಿದ್ರೆ ಕಿತ್ತುಹಾಕಿ.’

ಓಬಕ್ಕ ಒಪ್ಪಿದರು, ಮುಖ ಮಾತ್ರ ಸಡಿಲಾಗಲಿಲ್ಲ. ಹೊನ್ನಾಳಿಗೆ ವಾಪಸಾದ ಮೇಲೆ ಮೇಡಂ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ನಾಲ್ಕು ಸಾಲು ಹೇಗೆ ಹಾಳಾಯಿತು ಎಂಬುದನ್ನು ನನ್ನ ಕೈಯಲ್ಲೇ ಬರೆಸಿದರು. ಸೋಂಕು ಎಂದು ಬರೆದದ್ದನ್ನು ಹೊಡೆದುಹಾಕಲು ಬಿಡಲಿಲ್ಲ. ‘ಅದೂ ಇರಲಿ. ಕಂಡದ್ದು ಸರಿಯಾಗೇ ಇತ್ತು, ಅಂದುಕೊಂಡದ್ದು ತಪ್ಪಿತ್ತು. ಎರಡೂ ಬೇರೆ ಬೇರೆ,’ ಎಂದರು.

ಆ ಹದಿನೈದು ದಿನ ನಾನು ಊಟ ನಿದ್ದೆ ಸರಿಯಾಗಿ ಮಾಡಿದೆನೋ ಇಲ್ಲವೋ ನೆನಪಿಲ್ಲ. ಮೂರು ದಿನಕ್ಕೊಮ್ಮೆ ಸೊಕ್ಕೆಗೆ ಹೋಗಿ ನಾಲ್ಕು ಬೇರು, ಕೆಲವೊಮ್ಮೆ ಎರಡೇ ಬೇರು, ಒದ್ದೆ ಬಟ್ಟೆಯಲ್ಲಿ ಸುತ್ತಿ ಟಿಫನ್ ಡಬ್ಬಿಯಲ್ಲಿಟ್ಟು ತರುತ್ತಿದ್ದೆ. ಔಷಧಿ ಬೀಳದ ಸಾಲುಗಳಲ್ಲಿ ಕಂದು ಬಣ್ಣ ಒಂದೊಂದು ಸಲಕ್ಕೂ ಕಡಿಮೆಯಾಗುತ್ತಾ ಬಂತು. ನೀಲಿ ಎಳೆಗಳು ಒಳಗೆ ಹರಡುತ್ತಾ ಹೋದವು. ಒಂದು ಬೆಳಿಗ್ಗೆ, ಬೇರಿನ ಒಂದು ಕೋಶದೊಳಗೆ, ಎಳೆಯ ತುದಿ ಕವಲಾಗಿ, ಕವಲು ಮತ್ತೆ ಕವಲಾಗಿ, ಕೋಶದ ತುಂಬ ಒಂದು ನೀಲಿ ಮರ ನಿಂತಿತ್ತು! ಪಕ್ಕದ ಕೋಶದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು. ನಾನು ಕಿರುಚಿದ್ದು ಕೇಳಿ ಮನೆ ಮಾಲೀಕರ ಹೆಂಡತಿ ಹಾವು ಬಂತೇನೋ ಎಂದು ಓಡಿ ಬಂದರು. ಈ ಮರದ ಮೂಲಕವೇ ಕೊಡುವುದು, ಪಡೆಯುವುದು ನಡೆಯುವುದು ಎಂದು ಮೇಡಂ ಹೇಳಿದರು. ಒಂದೊಂದು ಮರಕ್ಕೂ ಕೆಲವೇ ದಿನದ ಆಯುಸ್ಸು, ಆಮೇಲೆ ಬೇರೇ ಅದನ್ನು ಕರಗಿಸುತ್ತದೆ. ಹೊಸ ಕೋಶದಲ್ಲಿ ಹೊಸ ಮರ ಏಳುತ್ತದೆ.

ಸೂಕ್ಷ್ಮದರ್ಶಕವನ್ನು ಟವೆಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸೊಕ್ಕೆಗೆ ಹೋದೆ. ಮೇಡಂ ಪಕ್ಕದ ಸೀಟಿನಲ್ಲಿದ್ದರು. ಓಬಕ್ಕನ ಮನೆಯ ಜಗಲಿಯಲ್ಲಿ ಬಿಸಿಲು ಬೀಳುವ ಕಡೆ ಇಟ್ಟು, ಬೆಳಕು ಹಿಡಿಯಲು ಅದರ ಬುಡದ ಕನ್ನಡಿ ತಿರುಗಿಸಿದೆ. ಓಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದರು. ಮೊದಲು ತಮ್ಮ ರೆಪ್ಪೆಯ ಕೂದಲೇ ಕಂಡಿತಂತೆ. ಆಮೇಲೆ ಒಂದು ಕಣ್ಣು ಮುಚ್ಚಿದರು.

‘ಅಯ್ ಅಯ್! ಬೇರಿನೊಳಗೆ ಗಿಡ ಹುಟ್ಟೈತೆ!’

‘ಅದೇ ಅಕ್ಕಾ ಅದು. ನಮ್ಮ ಮಣ್ಣಿನಾಗಿದ್ದದ್ದು.’

‘ಔಷಧಿ ಹುಯ್ದ ಸಾಲಿಂದು ತೋರ್ಸು.’

ತೋರಿಸಿದೆ. ಅಲ್ಲೊಂದು ಇಲ್ಲೊಂದು ತುಂಡು ಎಳೆ ಬಿಟ್ಟರೆ ಏನೂ ಇರಲಿಲ್ಲ. ಓಬಕ್ಕ ತುಂಬಾ ಹೊತ್ತು ನೋಡಿದರು. ತಲೆ ಎತ್ತಿ ಮೇಡಂ ಕಡೆ ತಿರುಗಿ ಕೇಳಿದ ಪ್ರಶ್ನೆ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

‘ಸರಿ ರೀ, ಸಿಟ್ಟು ಇಳೀತು, ಒಳಗೆ ಬಿಟ್ಕಂತು. ಹಿಂಗೆ ಬಂದೋರ್ನೆಲ್ಲ ಬಿಟ್ಕಣಾದು ರೂಢಿ ಆದ್ರೆ, ನಿಜವಾದ ಕಳ್ಳ ಬಂದಾಗ ಹೆಂಗೆ? ಸುಮ್ನೆ ಕುಂತ್‌ಬಿಟ್ರೆ?’

ಮೇಡಂ ಜಗಲಿಯ ಮೇಲೆ ಕೂತೇಬಿಟ್ಟರು. ‘ಓಬಮ್ಮ, ನಾನು ಈ ಊರಿಗೆ ಬಂದಿದ್ದೇ ಈ ಪ್ರಶ್ನೆ ಹಿಡಕೊಂಡು,’ ಎಂದರು. ಇಬ್ಬರೂ ನಗತೊಡಗಿದರು. ಸಜ್ಜೆಯ ಮಾತು ಅಲ್ಲಿಗೆ ನಿಂತಿತು.

ಉತ್ತರ ಬಂದದ್ದು ಉತ್ತರೆ ಮಳೆಯಲ್ಲಿ. ಅಷ್ಟರಲ್ಲಿ ಔಷಧಿ ಬೀಳದೆ ಉಳಿದಿದ್ದ ನಮ್ಮ ನಾಲ್ಕು ಸೊರಗಿದ ಸಾಲು ಚೇತರಿಸಿಕೊಂಡು ಪಕ್ಕದವಕ್ಕೆ ಸಮನಾಗಿ ನಿಂತಿದ್ದವು. ಗಡ್ಡೆ ದಪ್ಪಗಾಗುವ ಹೊತ್ತಿಗೆ ಐದು ದಿನ ಬಿಡದೆ ಮಳೆ ಸುರಿಯಿತು. ಸೊಕ್ಕೆಯಂಥ ಒಣಭೂಮಿಯಲ್ಲೂ ಸಾಲಿನ ಮಧ್ಯೆ ನೀರು ನಿಂತಿತು. ಆರನೆಯ ದಿನ ಓಬಕ್ಕನ ಫೋನು. ‘ತಂಗೀ, ಬುಡ ಕೊಳ್ಯಾಕೆ ಹತ್ತೈತೆ. ಬಾಜೂ ಹೊಲದಾಗೆ ಎಳೆದ್ರೆ ಗಡ್ಡೆ ನೆಲದಾಗೇ ಉಳೀತೈತೆ, ಬರೀ ಗರಿ ಕೈಗೆ ಬರ್ತೈತೆ. ಬೇಗ ಬರ್ರಿ!’

ಓಡಿದೆವು. ಹೊಲದಲ್ಲಿ ಆ ಕೊಳೆತ ಈರುಳ್ಳಿಯ ನಾತ ಹೇಳತೀರದು. ಬರೀ ಮಣ್ಣಿನ ಎಂಟು ಸಾಲಿನಲ್ಲಿ ಗಿಡಗಳು ಗುಂಪುಗುಂಪಾಗಿ ಹಳದಿಯಾಗಿ ಒರಗಿದ್ದವು. ಔಷಧಿ ಹುಯ್ದು ಶಿಲೀಂಧ್ರ ಸತ್ತ ನಾಲ್ಕು ಸಾಲೂ ಹೆಚ್ಚುಕಡಿಮೆ ಅದೇ ಸ್ಥಿತಿ. ಉಳಿದ ನಾಲ್ಕರಲ್ಲೂ ಕೊಳೆತವು ಇದ್ದವು, ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮಂಡಿಯೂರಿ ಸಾಲಿನ ಆ ತುದಿಯಿಂದ ಈ ತುದಿಗೆ ಹೋದರೆ, ಹೆಚ್ಚಿನವು ಹಸಿರಾಗಿ ನೆಟ್ಟಗಿದ್ದವು. ಓಬಕ್ಕ ಒಂದೊಂದನ್ನೇ ಮೆಲ್ಲಗೆ ಅಲ್ಲಾಡಿಸುತ್ತಾ ಬಂದರು. ‘ಇದು ಗಟ್ಟಿ. ಇದೂ ಗಟ್ಟಿ. ತಂಗೀ, ಇದೂ ಗಟ್ಟಿ ಐತೆ!’

ಮೂರೂ ಬಗೆಯ ಸಾಲಿನ ಬೇರು ಡಬ್ಬಿಗೆ ತುಂಬಿ ಅವತ್ತೇ ಹೊನ್ನಾಳಿಗೆ ವಾಪಸಾದೆ. ಬಸ್ಸಿನಲ್ಲಿ ಒಬ್ಬ ಅಜ್ಜಿ ಊಟಕ್ಕೇನು ತಂದಿದ್ದೀಯವ್ವಾ ಎಂದು ಕೇಳಿದಳು. ಈರುಳ್ಳಿ ಬೇರು ಎಂದೆ, ಅವಳು ಪಾಪ ಒಂದು ಬಾಳೆಹಣ್ಣು ಕೊಟ್ಟಳು. ಕಂದು ಬಣ್ಣ ತೋರಿಸುವ ದ್ರಾವಣದಲ್ಲಿ ನೆನೆಸಿಟ್ಟು, ಮರುದಿನ ಬೆಳಿಗ್ಗೆ ಇಂಕನ್ನೂ ಹಚ್ಚಿ ನೋಡಿದೆ. ಶಿಲೀಂಧ್ರ ಸತ್ತ ಸಾಲಿನ ಬೇರಿನಲ್ಲಿ ಕೊಳೆರೋಗ ತರುವ ಬೇರೊಂದು ಶಿಲೀಂಧ್ರದ ಎಳೆ ಹೊರಗೋಡೆ ದಾಟಿ, ಒಳಗೋಡೆ ದಾಟಿ, ನಡುವಿನ ನೀರಿನ ನಾಳದವರೆಗೂ ಹೋಗಿತ್ತು. ಕಂದು ಬಣ್ಣ ಬಂದಿತ್ತು, ಆದರೆ ಮಸುಕಾಗಿ, ಅದೂ ಎಳೆ ದಾಟಿ ಹೋದ ಮೇಲೆ ಹಿಂದೆ. ನಮ್ಮ ನಾಲ್ಕು ಸಾಲಿನ ಬೇರನ್ನು ಇಟ್ಟೆ. ಎಳೆ ಹೊರಗೋಡೆಯನ್ನು ಮುಟ್ಟಿದಲ್ಲೇ ಕಂದು ಪಟ್ಟಿ ದಟ್ಟವಾಗಿ, ಒತ್ತಾಗಿ ಎದ್ದು ನಿಂತಿತ್ತು. ಎಳೆ ಅಲ್ಲೇ ಮೊಂಡಾಗಿ ನಿಂತಿತ್ತು. ಒಳಗೆ, ಎರಡೇ ಕೋಶದಾಚೆ, ನೆಂಟನ ಎಳೆ ತನ್ನ ಪಾಡಿಗೆ ತಾನಿತ್ತು.

ಬೇರು ಸುಮ್ಮನೆ ಕೂತಿರಲಿಲ್ಲ! ಮೊದಲ ಬಾರಿ ಸಿಟ್ಟಾಗಿ, ತಣಿದು, ಆದರೂ ಎಚ್ಚರ ಬಿಡದೆ ಕೂತಿತ್ತು. ನಿಜವಾದ ಕಳ್ಳ ಬಂದಾಗ ಮೊದಲಿಗಿಂತ ಬೇಗ ಎದ್ದು ನಿಂತಿತು. ಮೇಡಂ ನೋಡಿದರು, ನಾನು ನೋಡಿದೆ, ಮತ್ತೆ ಅವರು ನೋಡಿದರು. ಆಮೇಲೆ ಅವರು, ‘ಒಂದು ಹೊಲ, ಒಂದು ಮಳೆಗಾಲ, ಅದರಲ್ಲೂ ಕೆಟ್ಟುಹೋದ ನಾಲ್ಕು ಸಾಲು. ಇದನ್ನಿಟ್ಟುಕೊಂಡು ಸಾಬೀತಾಯಿತು ಅನ್ನೋ ಹಾಗಿಲ್ಲ,’ ಎಂದರು. ಹೇಳುವಾಗ ಕಣ್ಣಲ್ಲಿ ನೀರಿತ್ತು. ಮರುವರ್ಷ ಪೂರ್ತಿ ಹೊಲದಲ್ಲಿ ಮತ್ತೆ ಮಾಡಬೇಕು ಎಂದು ಅಲ್ಲೇ ಚೀಟಿಯಲ್ಲಿ ಬರೆದುಕೊಂಡರು. ಮುಂದೆ ಮಾಡಿದರು ಕೂಡ. ಅಷ್ಟರಲ್ಲಿ ನನ್ನ ಹತ್ತು ತಿಂಗಳು ಮುಗಿದು, ನಾನು ಚನ್ನಗಿರಿಯ ಒಂದು ಆಸ್ಪತ್ರೆಯ ಲ್ಯಾಬು ಸೇರಿದ್ದೆ.

ಹೊನ್ನಾಳಿಯ ಕೊನೆಯ ವಾರದ ಒಂದು ಮಧ್ಯಾಹ್ನ ಗಾಜಿನ ಪಟ್ಟಿಗಳನ್ನು ತೊಳೆಯುತ್ತಿದ್ದೆ. ಬಾಗಿಲಲ್ಲಿ ಓಬಕ್ಕ ನಿಂತಿದ್ದರು. ಮೂರು ಬಸ್ಸು ಬದಲಿಸಿ ಒಬ್ಬರೇ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಹಸಿ ಮಣ್ಣು ಮೆತ್ತಿದ ಮೆಣಸಿನ ಗಿಡದ ಬೇರು. ಅವರ ತಂಗಿಯ ಹೊಲದ್ದಂತೆ. ಗಿಡ ಯಾಕೋ ಬಾಡುತ್ತಿದೆಯಂತೆ. ಔಷಧಿ ಅಂಗಡಿಯವನು ಒಂದು ಹೇಳಿದನಂತೆ, ಪಕ್ಕದ ಹೊಲದವನು ಇನ್ನೊಂದು.

‘ಅವಳಿಗೆ ಹೇಳೀನಿ, ಏನೂ ಹುಯ್ಬೇಡ, ನಮ್ಮ ಸುಜಾತ ನೋಡೋ ತನಕ ಅಂತ,’ ಎಂದರು.

ಬೇರು ತೊಳೆದೆ. ಕತ್ತರಿಸಿ, ಬೇಯಿಸಿ, ಬಣ್ಣ ಹಚ್ಚಿ, ಗಾಜಿನ ಪಟ್ಟಿಗೆ ಏರಿಸಲು ಎರಡು ತಾಸು ಬೇಕಾಯಿತು. ಓಬಕ್ಕ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಕಣ್ಣು ಹಚ್ಚಿದೆ. ಎಳೆಗಳಿದ್ದವು. ದಪ್ಪನೆಯವು, ಸಣ್ಣವು, ಒಂದರ ಮೇಲೊಂದು. ಒಂದು ಅಂದಾಜು ನಾಲಿಗೆಯ ತುದಿಗೆ ಬಂದಿತ್ತು. ಪಟ್ಟಿಯನ್ನು ಸ್ವಲ್ಪ ಸರಿಸಿದೆ.

‘ಏನು ಕಾಣ್ತೈತೆ?’

‘ಇನ್ನೂ ಗೊತ್ತಾಗ್ತಿಲ್ಲ ಅಕ್ಕಾ. ನೋಡ್ತಾ ಇದೀನಿ.’

ಓಬಕ್ಕ ಚೀಲದಿಂದ ಎಲೆ ಅಡಿಕೆ ತೆಗೆದು ತೊಡೆಯ ಮೇಲೆ ಹರಡಿಕೊಂಡರು. ‘ನೋಡು, ನೋಡು,’ ಎಂದರು. ‘ನನ್ನ ಬಸ್ಸು ಐದಕ್ಕೈತೆ.’